ನೋಡದೆ ಕೊಳ್ಳುವವರಿಗೆ ಹಳೆ ಲ್ಯಾಪ್‌ಟಾಪ್ ಮಾರುವುದು ಹೇಗೆ

ಹಳೆ ಲ್ಯಾಪ್‌ಟಾಪ್ ವ್ಯಾಪಾರ ಮೊದಲು ಪೂರ್ತಿ ಕೈಯ ಮೇಲೆ ನಿಂತಿತ್ತು. ಗಿರಾಕಿ ಅಂಗಡಿಗೆ ಬರುತ್ತಿದ್ದರು. ಮುಚ್ಚಳ ತೆರೆದು ಮುಚ್ಚಿ ನೋಡುತ್ತಿದ್ದರು. ನಾಲ್ಕು ಕೀ ಒತ್ತುತ್ತಿದ್ದರು. ಅಡಿಗೆ ಕೈ ಇಟ್ಟು ಬಿಸಿಯಾಗುತ್ತಾ ಅಂತ ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಚೌಕಾಶಿ, ಆಮೇಲೆ ದುಡ್ಡು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು, ಈ ಇಡೀ ಕ್ರಮವೇ ನಿಂತುಹೋಯಿತು. ಆದರೆ ಬೇಡಿಕೆ ನಿಲ್ಲಲಿಲ್ಲ, ಮೊದಲಿಗಿಂತ ಜಾಸ್ತಿಯಾಯಿತು. ಮಕ್ಕಳಿಗೆ ಆನ್‌ಲೈನ್ ಕ್ಲಾಸ್, ಬೆಂಗಳೂರಿನಿಂದ ತೋಟದ ಮನೆಗೆ ಬಂದವರಿಗೆ ಆಫೀಸ್ ಕೆಲಸ. ಎಲ್ಲರಿಗೂ ಮಷಿನ್ ಬೇಕು, ಯಾರೂ ಬಂದು ನೋಡುವ ಹಾಗಿಲ್ಲ.

ನಾನು ಗೋಣಿಕೊಪ್ಪದಲ್ಲಿ ಇದೇ ಕೆಲಸ ಮಾಡುತ್ತೇನೆ. ಹಳೆ ಲ್ಯಾಪ್‌ಟಾಪ್, ಒಂದಷ್ಟು ಫೋನು ತಂದು, ಸರಿಮಾಡಿ ಮಾರುವುದು. ಈಗ ಅಂಗಡಿ ಬಾಗಿಲು ಎಂದಿನಂತೆ ತೆರೆದಿದೆ. ಆದರೂ ಗಿರಾಕಿಗಳಲ್ಲಿ ಬಹಳ ಜನ ಫೋನಿನಲ್ಲೇ ಕೇಳಿ, ಫೋನಿನಲ್ಲೇ ಒಪ್ಪಿ, ಬಸ್ಸಿಗೆ ಹಾಕಿ ಕಳಿಸಿ ಅಂತಾರೆ. ಬಿರುನಾಣಿಯಿಂದ, ನಾಪೋಕ್ಲಿನಿಂದ, ಶನಿವಾರಸಂತೆಯಿಂದ ಒಂದು ದಿನ ಹಾಳುಮಾಡಿಕೊಂಡು ಬರುವ ಬದಲು ಅದೇ ಸುಲಭ ಅಲ್ವಾ? ಕೊಡಗಿನಲ್ಲಿ ಈ ವ್ಯಾಪಾರ ಶುರುಮಾಡಬೇಕು ಅಂತ ಯೋಚಿಸುತ್ತಿರುವವರಿಗೆ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹುಪಾಲು ಕೊರೊನಾ ಕಾಲದಲ್ಲಿ ರೂಢಿಯಾದದ್ದು.

ಮಾಲು ಎಲ್ಲಿಂದ, ಎಂಥದು

ಒಳ್ಳೆಯ ಹಳೆ ಲ್ಯಾಪ್‌ಟಾಪ್‌ಗಳು ಮನೆಗಳಿಂದ ಬರುವುದು ಕಡಿಮೆ. ಕಂಪನಿಗಳಿಂದ ಬರುತ್ತವೆ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಲಾಟ್ ಲೆಕ್ಕದಲ್ಲಿ ಹೊರಗೆ ಬಿಡುತ್ತವೆ. ಬೆಂಗಳೂರಿನ ದೊಡ್ಡ ವ್ಯಾಪಾರಿಗಳು ಅದನ್ನು ಕೊಳ್ಳುತ್ತಾರೆ, ನಮ್ಮಂಥವರು ಅವರಿಂದ ತರುತ್ತೇವೆ. 2020ರಲ್ಲಿ ಏಟು ಬಿದ್ದದ್ದು ಇಲ್ಲಿಗೇ. ಆಫೀಸುಗಳು ಮುಚ್ಚಿದವು, ಸಿಬ್ಬಂದಿ ಲ್ಯಾಪ್‌ಟಾಪ್ ಮನೆಗೆ ಒಯ್ದರು. ಹಳೆಯದು ಹೊರಗೆ ಬರಲೇ ಇಲ್ಲ. ಚಿಪ್ ಕೊರತೆಯಿಂದ ಹೊಸದೂ ಸಿಗಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆ ಬಾಗಿಲು ಹಾಕಿತ್ತು. ಮಾಕುಟ್ಟದಲ್ಲಿ ಕೇರಳದ ರಸ್ತೆಗೆ ಮಣ್ಣು ಸುರಿದಿದ್ದರು, ಇರಿಟ್ಟಿ ಕಡೆಯಿಂದ ಬರುತ್ತಿದ್ದ ಸ್ಪೇರ್ ಪಾರ್ಟ್ಸ್ ಕೂಡ ನಿಂತಿತು. ಆನ್‌ಲೈನ್‌ನಲ್ಲಿ ತರಿಸೋಣ ಅಂದರೆ ಮೇ 4ರವರೆಗೆ ಅಗತ್ಯ ವಸ್ತು ಬಿಟ್ಟು ಬೇರೆ ಏನನ್ನೂ ಕಳಿಸುವ ಹಾಗಿರಲಿಲ್ಲ.

ಹಾಗಾಗಿ ಒಬ್ಬರನ್ನೇ ನಂಬಿ ಕೂರಬೇಡಿ. ಬೆಂಗಳೂರಿನಲ್ಲಿ ಇಬ್ಬರು, ಮೈಸೂರಿನಲ್ಲಿ ಒಬ್ಬರು ಇರಲಿ. ನಿಮ್ಮ ಊರಿನ ಡೆಡ್ ಮಷಿನ್‌ಗಳನ್ನೂ ಕೊಂಡಿಡಿ. ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಹೋದ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್, ಕೀಬೋರ್ಡ್, ಹಿಂಜ್ (ಮುಚ್ಚಳದ ಕೀಲು), ರ‍್ಯಾಮ್ ಎಲ್ಲ ಚೆನ್ನಾಗಿಯೇ ಇರುತ್ತವೆ. ಲಾಕ್‌ಡೌನ್‌ನಲ್ಲಿ ನನ್ನ ಅಂಗಡಿ ನಡೆದದ್ದು ಅಂಥ ಪಾರ್ಟ್ಸ್‌ಗಳಿಂದ.

ತರುವಾಗ ಆಫೀಸ್ ಬಳಕೆಗೆಂದೇ ಮಾಡಿದ ಸರಣಿಗಳನ್ನೇ ತನ್ನಿ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಇಂಥವು. ಬಿಚ್ಚುವುದು ಸುಲಭ, ಪಾರ್ಟ್ಸ್ ಸಿಗುತ್ತದೆ, ಬಾಡಿ ಗಟ್ಟಿ. ಮನೆ ಬಳಕೆಯ ಅಗ್ಗದ ಮಾಡೆಲ್‌ಗಳು ನೋಡಲು ಹೊಳೆಯುತ್ತವೆ, ಆದರೆ ಹಿಂಜ್ ಮುರಿದರೆ ಕತೆ ಮುಗಿಯಿತು.

ದುಡ್ಡು ಕೊಡುವ ಮೊದಲು ಮೂರು ಬೀಗ ನೋಡಿ. ಮೊದಲನೆಯದು ಬಯೋಸ್ ಪಾಸ್‌ವರ್ಡ್. ಬಯೋಸ್ ಅಂದರೆ ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸೆಟ್ಟಿಂಗ್. ಎರಡನೆಯದು ಬಯೋಸ್ ಒಳಗೆ ಅಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಅಂತ ಇರುವ ಜಾಗ, ಕಳುವಾದ ಮಷಿನ್ ಪತ್ತೆಹಚ್ಚುವ ವ್ಯವಸ್ಥೆ ಅದು. ಅಲ್ಲಿ ಆ್ಯಕ್ಟಿವೇಟ್ ಆಗಿದೆ ಅಂತ ಬಂದರೆ ಆ ಪೀಸ್ ವಾಪಸ್ ಕೊಡಿ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕುವಾಗ ವೈಫೈ ಕೊಡಿ. ಯಾವುದೋ ಕಂಪನಿಯ ಹೆಸರು ಬಂದು ಅದರ ಇಮೇಲ್ ಕೇಳಿದರೆ, ಆ ಮಷಿನ್ ಇನ್ನೂ ಕಂಪನಿಯ ಲೆಕ್ಕದಲ್ಲೇ ಇದೆ ಅಂತ ಅರ್ಥ. ನೆಟ್ ಇಲ್ಲದೆ ಹಾಕಿದರೆ ಇದು ಗೊತ್ತಾಗುವುದಿಲ್ಲ, ಮುಂದೆ ಗಿರಾಕಿ ರೀಸೆಟ್ ಮಾಡಿದ ದಿನ ಗೊತ್ತಾಗುತ್ತದೆ. ಫೋನಾದರೆ *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ತೆಗೆದುಕೊಳ್ಳಿ. ಕೆವೈಎಂ (KYM) ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಂತ ಬಂದರೆ ಮುಟ್ಟಬೇಡಿ. ಬಿಲ್ ಇಲ್ಲದ ಮಾಲು ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಇಲ್ಲವೇ ಅದಕ್ಕಿಂತ ಹೊಸದು ಬೇಕು. 6, 7ನೇ ತಲೆಮಾರಿನವು ಈಗ ತೀರಾ ಅಗ್ಗಕ್ಕೆ ಸಿಗುವುದು ಅದಕ್ಕೇ. ಅವನ್ನು ಮಾರಲೇಬಾರದು ಅಂತಲ್ಲ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟರೆ ಟೈಪಿಂಗ್‌ಗೆ, ಪಾಠ ನೋಡಲಿಕ್ಕೆ ಚೆನ್ನಾಗಿ ನಡೆಯುತ್ತವೆ. ಆದರೆ ಹೇಳಿ ಮಾರಬೇಕು.

ನಮ್ಮ ಮಳೆಗೆ ತಕ್ಕ ತಯಾರಿ

ಬಯಲುಸೀಮೆಯಲ್ಲಿ ಮಾಡುವಷ್ಟು ಸರ್ವೀಸ್ ಇಲ್ಲಿ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಬೋರ್ಡ್ ಬಿಡುತ್ತದಾ? ತಂದ ಪ್ರತಿ ಮಷಿನ್ ಬಿಚ್ಚಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಪಟ್ಟಿಯನ್ನು ರಬ್ಬರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಫ್ಯಾನ್ ಧೂಳು ತೆಗೆಯಿರಿ, ಪ್ರೊಸೆಸರ್‌ನ ಬಿಸಿ ಎಳೆಯುವ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿ. ಹಸಿರು ಕಿಲುಬು ಕಂಡ ಬೋರ್ಡನ್ನು ಮಾರುವ ಸಾಲಿಗೆ ಸೇರಿಸಬೇಡಿ, ಪಾರ್ಟ್ಸ್‌ಗೆ ಇಟ್ಟುಕೊಳ್ಳಿ.

ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡ್ರೈವ್) ಹಾಕಿ. ವೇಗದ ಮಾತು ಹಾಗಿರಲಿ, ತೋಟದ ರಸ್ತೆಯಲ್ಲಿ ಜೀಪಿನ ಕುಲುಕಾಟಕ್ಕೆ ತಿರುಗುವ ಡಿಸ್ಕ್ ಬಾಳುವುದಿಲ್ಲ. ಹಳೆ ಎಸ್‌ಎಸ್‌ಡಿ ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹೆಲ್ತ್ ನೋಡಿ, ಅದರ ಫೋಟೊ ತೆಗೆದಿಡಿ.

ಬ್ಯಾಟರಿ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ನಗರದಲ್ಲಿ ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಪ್ಲಗ್‌ಗೆ ಹಾಕಿಕೊಂಡೇ ಬಳಸುತ್ತಾರೆ, ನಮ್ಮಲ್ಲಿ ಅದು ಸುಮ್ನೆ ಮೇಜಿನ ಮೇಲಿನ ಹಲಗೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ (powercfg /batteryreport) ಟೈಪ್ ಮಾಡಿ. ಒಂದು ರಿಪೋರ್ಟ್ ಬರುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ 50,000, ಫುಲ್ ಚಾರ್ಜ್ ಕೆಪ್ಯಾಸಿಟಿ 35,000 ಅಂತಿದ್ದರೆ ಬ್ಯಾಟರಿ ಶೇ 70ರಷ್ಟು ಉಳಿದಿದೆ ಅಂತ ಲೆಕ್ಕ. ಅದಕ್ಕಿಂತ ಕೆಳಗಿದ್ದರೆ ನಾನು ಬದಲಿಸಿಯೇ ಮಾರುತ್ತೇನೆ. ಕಂಪನಿಯ ಬ್ಯಾಟರಿ ಅಲ್ಲದಿದ್ದರೆ ಅದನ್ನೂ ಹೇಳುತ್ತೇನೆ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಮರೆಯಬೇಡಿ. ಮಾರುವಾಗಲೇ ಗಿರಾಕಿಗೆ ಹೇಳಿ: ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು, ಲ್ಯಾನ್ ಕೇಬಲ್ಲೂ ಕೀಳಬೇಕು. ಸಿಡಿಲು ಟೆಲಿಫೋನ್ ತಂತಿಯಲ್ಲೂ ಬರುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಲು ಹೇಳಿ.

ಅಂಗಡಿಯಲ್ಲಿ ಉಳಿದ ಸ್ಟಾಕನ್ನು ಮುಚ್ಚಳ ಗಟ್ಟಿಯಿರುವ ಡಬ್ಬಗಳಲ್ಲಿ ಸಿಲಿಕಾ ಜೆಲ್ ಹಾಕಿಡಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಅಕ್ಕಿ ಬೇಡ, ಅದರ ಹಿಟ್ಟು ಪೋರ್ಟ್‌ಗಳಲ್ಲಿ ಸೇರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ರತಿ ಮಷಿನ್ ಆನ್ ಮಾಡಿ ಸ್ವಲ್ಪ ಹೊತ್ತು ಓಡಿಸಿ.

ಸ್ವಚ್ಛ ಮಾಡುವ ಬಗ್ಗೆ ಒಂದು ಮಾತು. ಕೊರೊನಾ ಬಂದ ಮೇಲೆ ಜನ ಹಳೆ ವಸ್ತು ಮುಟ್ಟಲು ಹೆದರುತ್ತಿದ್ದರು. ಕೈಗೆ ಹಾಕುವ ಸ್ಯಾನಿಟೈಸರ್ ಅನ್ನೇ ಸ್ಕ್ರೀನ್ ಮೇಲೆ ಸುರಿದು ಕಲೆ ಮಾಡಿಕೊಂಡು ರಿಪೇರಿಗೆ ತಂದವರು ಬಹಳ. ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿ ಒರೆಸಬೇಕು. ಮಷಿನ್ ಮೇಲೆ ನೇರ ಸಿಂಪಡಿಸಬಾರದು. ಬ್ಲೀಚಿಂಗ್ ನೀರು ಬೇಡವೇ ಬೇಡ. ಆ ಹೆದರಿಕೆ ಹೋಗಿದೆ, ಆದರೆ ಗಿರಾಕಿ ಡಬ್ಬ ತೆರೆದಾಗ ಇನ್ನೊಬ್ಬರ ಬೆರಳಿನ ಜಿಡ್ಡು ಕಾಣಬಾರದು ಅನ್ನುವ ನಿಯಮ ನಮ್ಮಲ್ಲಿ ಉಳಿದಿದೆ. ಕಿವಿಗೆ ಹಾಕುವ ಹಳೆ ಇಯರ್‌ಫೋನ್ ನಾನು ಮಾರುವುದೇ ಇಲ್ಲ.

ಹುಳುಕನ್ನು ಮೊದಲು ತೋರಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲೇ. ಗಿರಾಕಿ ಎದುರಿಗೆ ಇದ್ದಾಗ ಹುಳುಕನ್ನು ಹುಡುಕುವುದು ಅವರ ಕೆಲಸವಾಗಿತ್ತು. ಎದುರಿಗೆ ಇಲ್ಲದಾಗ ಅದು ನಮ್ಮ ಕೆಲಸ. ಅವರ ಕಣ್ಣು, ಅವರ ಬೆರಳು ನಾವೇ ಆಗಬೇಕು. ಇದನ್ನು ಒಪ್ಪಿಕೊಳ್ಳದವರಿಗೆ ಈ ವ್ಯಾಪಾರ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಪ್ರತಿ ಮಷಿನ್‌ಗೆ ಒಂದು ಚೀಟಿ ಬರೆಯಿರಿ. ಮೇಲೆ ಸೀರಿಯಲ್ ನಂಬರ್, ತಾರೀಖು. ಅದರ ಕೆಳಗೆ, ಒಳ್ಳೆಯದನ್ನು ಬರೆಯುವ ಮೊದಲು, ಹುಳುಕು. "ಎಡಗಡೆ ಮೂಲೆಯಲ್ಲಿ ಬಿರುಕು. ಸ್ಪೇಸ್ ಬಾರ್ ಸ್ವಲ್ಪ ಹೊಳೆಯುತ್ತದೆ. ಬಲಗಡೆಯ ಯುಎಸ್‌ಬಿ ಸಡಿಲ." ಆಮೇಲೆ ಏನೇನು ಬದಲಿಸಿದ್ದೀರಿ, ಬ್ಯಾಟರಿ ಶೇಕಡಾ ಎಷ್ಟು, ವಿಡಿಯೊ ಹಾಕಿಟ್ಟಾಗ ಎಷ್ಟು ಹೊತ್ತು ನಡೆಯಿತು. ಆ ಗಂಟೆಯ ಲೆಕ್ಕವನ್ನು ನೀವೇ ಓಡಿಸಿ ನೋಡಿ ಬರೆಯಬೇಕು, ಪೆಟ್ಟಿಗೆಯ ಮೇಲಿನದನ್ನು ನಕಲು ಮಾಡಬಾರದು. ಎ ಗ್ರೇಡ್, ಬಿ ಗ್ರೇಡ್ ಅಂತ ಬರೆದು ಬಿಡಬೇಡಿ. ನಿಮ್ಮ ಎ ಬೇರೆ, ನನ್ನ ಎ ಬೇರೆ.

ಈ ಶೇಕಡಾ ಲೆಕ್ಕ ಹಳ್ಳಿಯವರಿಗೆ ಅರ್ಥವಾಗುತ್ತಾ ಅಂತ ಕೆಲವರು ಕೇಳುತ್ತಾರೆ. ಕಾಫಿ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚೆರಿ ಮಾರುವಾಗ ಸ್ಯಾಂಪಲ್ ತೆಗೆದು, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ತೇವ ಎಷ್ಟು ಅಂತ ನೋಡಿಯೇ ರೇಟು ಮಾತಾಡುವವರು ಅವರು. ಬ್ಯಾಟರಿ ರಿಪೋರ್ಟ್ ಕಳಿಸಿದರೆ ಹಾಗೇ ಓದಿಕೊಳ್ಳುತ್ತಾರೆ. ಸಿದ್ದಾಪುರ ಕಡೆಯ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರು ಚೀಟಿ ನೋಡಿ ಫೋನ್ ಮಾಡಿ, "ಅಕ್ಕ, ಮೂಲೆ ಒಡೆದಿದೆ ಅಂತ ನೀವೇ ಬರೆದಿದ್ದೀರಿ, ಹಾಗಾದರೆ ಉಳಿದದ್ದನ್ನೂ ನಂಬಬಹುದು, ಕಳಿಸಿ" ಅಂದರು. ಚೌಕಾಶಿಯನ್ನೇ ಮಾಡಲಿಲ್ಲ.

ಫೋಟೊ ತೆಗೆಯುವಾಗ ನಾಲ್ಕು ಮೂಲೆ, ಎರಡು ಹಿಂಜ್, ಅಡಿ ಭಾಗ, ಎಲ್ಲ ಪೋರ್ಟ್. ಸ್ಕ್ರೀನ್ ಪೂರ್ತಿ ಬಿಳಿ ಇಟ್ಟು ಒಂದು, ಪೂರ್ತಿ ಕಪ್ಪು ಇಟ್ಟು ಒಂದು. ಬಿಳಿಯಲ್ಲಿ ಕಲೆ ಕಾಣುತ್ತದೆ, ಕಪ್ಪಿನಲ್ಲಿ ಅಂಚಿನಿಂದ ಬೆಳಕು ಸೋರುವುದು ಕಾಣುತ್ತದೆ. ಹಗಲು ಬೆಳಕಿನಲ್ಲೇ ತೆಗೆಯಿರಿ, ಫಿಲ್ಟರ್ ಹಾಕಬೇಡಿ. ಬಿರುಕಿನ ಫೋಟೊ ದೂರದಿಂದ ಬೇಡ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ, ಅಳತೆ ತಿಳಿಯುತ್ತದೆ. ಆಮೇಲೆ ಒಂದು ವಿಡಿಯೊ, ಎಲ್ಲೂ ಕತ್ತರಿಸದೆ: ಸೀರಿಯಲ್ ನಂಬರ್‌ನಿಂದ ಶುರುವಾಗಿ, ಆನ್ ಆಗುವುದು, ನೋಟ್‌ಪ್ಯಾಡ್‌ನಲ್ಲಿ ಎಲ್ಲ ಕೀ ಒತ್ತುವುದು, ಹಾಡು ಹಾಕಿ ಸ್ಪೀಕರ್, ಕ್ಯಾಮೆರಾ. ಗಿರಾಕಿಯ ಮನೆಯಲ್ಲಿ ನೆಟ್‌ವರ್ಕ್ ಕಡಿಮೆ ಇದ್ದರೆ ವಿಡಿಯೊ ಡೌನ್‌ಲೋಡ್ ಆಗುವುದಿಲ್ಲ. ಫೋಟೊ ಮೊದಲು ಕಳಿಸಿ, ವಿಡಿಯೊವನ್ನು ಅವರು ಪೇಟೆಗೆ ಬಂದಾಗ ನೋಡಲಿ.

ಚೀಟಿ ಓದಲು ಆಗದವರೂ ಇದ್ದಾರೆ. ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ನಮ್ಮ ಜಿಲ್ಲೆಯಲ್ಲಿ ಒಂದೇ ರಸ್ತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲ ಕೇಳುತ್ತದೆ. ಬಿರುಕು ಎಲ್ಲಿದೆ ಅಂತ ಅವರ ಮನೆಮಾತಿನಲ್ಲಿ ಹೇಳಿದರೆ ಆಮೇಲೆ ತಕರಾರು ಬರುವುದಿಲ್ಲ. ನಿಮಗೆ ಬರದಿದ್ದರೆ ಬರುವವರ ಹತ್ತಿರ ಹೇಳಿಸಿ.

ಕ್ಯಾಮೆರಾ, ಮೈಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2020ಕ್ಕೆ ಮುಂಚೆ ಹಳೆ ಲ್ಯಾಪ್‌ಟಾಪ್‌ನಲ್ಲಿ ಇವನ್ನು ಯಾರೂ ನೋಡುತ್ತಿರಲಿಲ್ಲ. ಈಗ ಮೊದಲು ಕೇಳುವುದೇ ಇದು. ಮೈಕ್‌ನ ಸಣ್ಣ ತೂತಿನಲ್ಲಿ ಧೂಳು ಕಟ್ಟಿರುತ್ತದೆ, ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಎರಡು ಅಡಿ ದೂರ ಕೂತು ರೆಕಾರ್ಡ್ ಮಾಡಿ ಕೇಳಿ, ಫ್ಯಾನ್ ಶಬ್ದದಲ್ಲಿ ಮಾತು ಮುಳುಗುತ್ತಿದ್ದರೆ ಕ್ಲಾಸಿಗೆ ಆ ಮಷಿನ್ ಆಗುವುದಿಲ್ಲ.

ಬೇಡ ಅಂತ ಹೇಳಬೇಕಾದಾಗ ಹೇಳಿ. ಮಾರುವ ಮೊದಲು ನಾನು ಕೇಳುವ ಪ್ರಶ್ನೆ, "ನಿಮ್ಮ ಮನೆಯಲ್ಲಿ ಯಾವ ಸಿಮ್‌ಗೆ ನೆಟ್‌ವರ್ಕ್ ಬರುತ್ತದೆ, ಮಗು ಎಲ್ಲಿ ಕೂರುತ್ತದೆ?" ಆನ್‌ಲೈನ್ ಕ್ಲಾಸಿನ ವರ್ಷ ನಮ್ಮ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಪಾಠ ಮಾಡಲು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡಿದ್ದರು. ಮನೆಯಲ್ಲಿ ಸಿಗ್ನಲ್ಲೇ ಇಲ್ಲದವರಿಗೆ ಲ್ಯಾಪ್‌ಟಾಪ್ ಮಾರಿ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ. ತೋಟದ ಕೂಲಿಯವರ ಲೈನ್ ಮನೆಯಿಂದ ಒಬ್ಬ ತಾಯಿ ಬಂದು ಕೂಡಿಟ್ಟ ದುಡ್ಡು ಮುಂದಿಟ್ಟರೆ, ಅವರ ಮಗುವಿಗೆ ಒಂದು ಒಳ್ಳೆಯ ಹಳೆ ಫೋನು ಸಾಕಾಗುತ್ತದೆ ಅಂದರೆ ಅದನ್ನೇ ಕೊಡಿ. ಫೋನ್ ಕೊಡುವಾಗ ಅವರ ಸಿಮ್ಮನ್ನೇ ಹಾಕಿ, ಮನೆಗೆ ಒಯ್ದು ಕಾಲ್ ಮಾಡಿ ನೋಡಿ ಆಮೇಲೆ ದುಡ್ಡು ಕೊಡಲು ಹೇಳಿ.

ದುಡ್ಡಿನ ವಿಷಯ

ಲಾಕ್‌ಡೌನ್‌ನಿಂದ ಯುಪಿಐ ಎಲ್ಲರ ಕೈಗೆ ಬಂತು, ಮೋಸವೂ ಜೊತೆಗೇ ಬಂತು. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಅವನ್ನು ಕೇಳಿದವರು ಕಳ್ಳರು. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಈಗಲೇ ಕಳಿಸಿ ಅಂತ ಫೋನ್ ಬರುತ್ತದೆ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಸೈನಿಕರಿದ್ದಾರೆ, ಆ ಮಾತಿಗೆ ನಮ್ಮ ಮನಸ್ಸು ಬೇಗ ಕರಗುತ್ತದೆ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆಯಲ್ಲಿ ದುಡ್ಡು ಕಂಡ ಮೇಲೆ ಪಾರ್ಸೆಲ್ ಕಟ್ಟಿ.

ಇಲ್ಲಿ ದುಡ್ಡು ಓಡಾಡುವ ಕಾಲವೂ ಬೇರೆ. ಶಾಲೆ ಶುರುವಾಗುವ ಜೂನ್‌ನಲ್ಲಿ ಮಷಿನ್ ಬೇಕು, ಕಾಫಿ ದುಡ್ಡು ಬರುವುದು ಕೊಯ್ಲಾದ ಮೇಲೆ. ಪರಿಚಯದ ಬೆಳೆಗಾರರಿಗೆ ಅರ್ಧ ಈಗ, ಅರ್ಧ ಕಾಫಿ ಮಾರಿದ ಮೇಲೆ ಅಂತ ಕೊಡುತ್ತೇನೆ, ಚೀಟಿಯಲ್ಲೇ ಬರೆದು ಸಹಿ ಹಾಕಿಸಿ. ಕೂಲಿ ಕೆಲಸದವರಿಗೆ ವಾರದ ಬಟವಾಡೆ ಲೆಕ್ಕದಲ್ಲಿ ಸಣ್ಣ ಕಂತು. ಎಷ್ಟು ಸಾಲ ಬಿಟ್ಟರೆ ನಿಮ್ಮ ಅಂಗಡಿ ತಡೆಯುತ್ತದೆ ಅಂತ ಮೊದಲೇ ತೀರ್ಮಾನ ಮಾಡಿ, ಅದನ್ನು ದಾಟಬೇಡಿ. ಜಿಎಸ್‌ಟಿ ಇದ್ದವರು ಒಂದು ನೆನಪಿಡಿ: ಹಳೆ ವಸ್ತು ಕೊಂಡು, ಸಣ್ಣಪುಟ್ಟ ರಿಪೇರಿ ಮಾಡಿ ಮಾರುವಾಗ, ಕೊಂಡದ್ದಕ್ಕೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಲೆಕ್ಕ) ತೆಗೆದುಕೊಂಡಿರದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ. ಅದಕ್ಕೂ ಕೊಂಡ ಬಿಲ್ ಬೇಕು.

ಕಳಿಸುವುದು, ಆಮೇಲಿನದು

ಲಾಕ್‌ಡೌನ್‌ನಲ್ಲಿ ತರಕಾರಿ ಗಾಡಿಯವರು, ಹಾಲಿನವರು ದಾರಿಯ ಮೇಲೆ ಕೊಟ್ಟು ಹೋಗುತ್ತಿದ್ದರು. ಈಗ ಬಸ್ ಇದೆ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊ 2021ರ ಫೆಬ್ರುವರಿಯಲ್ಲಿ ಶುರುವಾದ ಮೇಲೆ ಮೈಸೂರು, ಬೆಂಗಳೂರಿನಿಂದ ಮಾಲು ತರಿಸುವುದು ಸುಲಭವಾಗಿದೆ. ಒಳ ಊರುಗಳಿಗೆ ಪ್ರೈವೇಟ್ ಬಸ್ಸೇ ಗತಿ. ಬಸ್ ನಿಲ್ಲುವ ಜಾಗದ ಒಂದು ದಿನಸಿ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಂಡಿರಿ, ಅವರು ಇಳಿಸಿಟ್ಟುಕೊಳ್ಳುತ್ತಾರೆ.

ಕಟ್ಟುವಾಗ ಮಷಿನ್‌ಗೆ ಮೊದಲು ಪ್ಲಾಸ್ಟಿಕ್ ಕವರ್, ಒಳಗೆ ಒಂದು ಸಿಲಿಕಾ ಪೊಟ್ಟಣ. ಆಮೇಲೆ ಬಬಲ್ ರ‍್ಯಾಪ್, ಅದರ ಮೇಲೆ ಡಬ್ಬ, ಡಬ್ಬದ ಮೇಲೆ ಮತ್ತೆ ಪ್ಲಾಸ್ಟಿಕ್. ಚಾರ್ಜರ್ ಸ್ಕ್ರೀನ್‌ಗೆ ತಾಗದ ಹಾಗೆ ಬೇರೆ ಕಟ್ಟಿ. ಚೀಟಿಯ ಒಂದು ಪ್ರತಿ ಒಳಗೆ, ಒಂದು ನಿಮ್ಮ ಫೈಲ್‌ನಲ್ಲಿ. ಡಬ್ಬ ತೆರೆಯುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ ಅಂತ ಗಿರಾಕಿಗೆ ಹೇಳಿ. ದಾರಿಯಲ್ಲಿ ಒಡೆದದ್ದಾ, ಮೊದಲೇ ಒಡೆದಿತ್ತಾ ಅನ್ನುವ ಜಗಳ ಅಲ್ಲೇ ತೀರುತ್ತದೆ.

ವಾಪಸ್ ತೆಗೆದುಕೊಳ್ಳುವ ಅವಧಿ ಧಾರಾಳವಾಗಿರಲಿ. ನಗರದಲ್ಲಿ ಏಳು ದಿನ ಸಾಕು, ಇಲ್ಲಿ ಮೊದಲ ಮೂರು ದಿನ ಕರೆಂಟೇ ಇರಲಿಕ್ಕಿಲ್ಲ. ನಾನು ಹದಿನೈದು ದಿನ ಕೊಡುತ್ತೇನೆ, ಬೋರ್ಡ್‌ಗೆ ಮೂರು ತಿಂಗಳು. ಚೀಟಿಯಲ್ಲಿ ಬರೆಯದ ಹುಳುಕು ಕಂಡರೆ ಮಾತಿಲ್ಲದೆ ವಾಪಸ್, ಬಸ್ ಬಾಡಿಗೆಯೂ ನಮ್ಮದೇ.

ಕೊರೊನಾದ ಆ ಎರಡು ವರ್ಷ ಕೊಂಡ ಮಷಿನ್‌ಗಳು ಈಗ ಬದಲಿಗೆ ವಾಪಸ್ ಬರುತ್ತಿವೆ. ಮಕ್ಕಳ ಫೋಟೊ, ತೋಟದ ಲೆಕ್ಕ, ಬ್ಯಾಂಕ್ ಕಾಗದ ಎಲ್ಲ ಒಳಗೇ ಇರುತ್ತದೆ. ಗಿರಾಕಿಯ ಎದುರಿಗೇ ಅವರಿಗೆ ಬೇಕಾದದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ. ಆಮೇಲೆ ರೀಸೆಟ್ ಮಾಡುವಾಗ ಎಲ್ಲ ತೆಗೆಯುವ, ಡ್ರೈವ್ ಪೂರ್ತಿ ಸ್ವಚ್ಛ ಮಾಡುವ ಆಯ್ಕೆಯನ್ನೇ ಒತ್ತಿ. ಫೋನಾದರೆ ಗೂಗಲ್ ಅಥವಾ ಐಕ್ಲೌಡ್ ಖಾತೆಯಿಂದ ಅವರೇ ಹೊರಬಂದ ಮೇಲೆ ರೀಸೆಟ್ ಮಾಡಿ, ಇಲ್ಲದಿದ್ದರೆ ಮುಂದಿನವರಿಗೆ ತೆರೆಯುವುದಿಲ್ಲ.

ಏನೂ ಉಪಯೋಗಕ್ಕೆ ಬಾರದ್ದನ್ನು ಗುಜರಿಗೆ ಹಾಕಬೇಡಿ. ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ, ಉಳಿದದ್ದು ತೋಡಿಗೆ (ಹಳ್ಳಕ್ಕೆ) ಬೀಳುತ್ತದೆ, ನಮ್ಮ ತೋಡಿನ ನೀರು ಕಾವೇರಿಗೇ ಹೋಗುವುದು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೋಂದಣಿ ಇರುವ ರೀಸೈಕಲ್‌ನವರಿಗೇ ಕೊಡಿ, ಮೈಸೂರಿಗೋ ಬೆಂಗಳೂರಿಗೋ ಮಾಲು ತರಲು ಹೋಗುವ ಗಾಡಿಯಲ್ಲೇ ಕಳಿಸಿದರೆ ಖರ್ಚು ಕಡಿಮೆ. ಊದಿದ ಬ್ಯಾಟರಿಯನ್ನು ಮಾತ್ರ ಇತರ ಸಾಮಾನಿನ ಜೊತೆ ಕಟ್ಟಬೇಡಿ. ಚುಚ್ಚಬೇಡಿ, ಒತ್ತಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬದಲ್ಲಿ, ಅಂಗಡಿಯ ಹೊರಗೆ ಮಳೆ ಬೀಳದ ಕಡೆ ಇಡಿ.